ಗ್ರಂಥಪಾಲಕರ ಶಿಫಾರಸು: ಸಗರನಾಡಿನ ಗ್ರಂಥಾಲಯಗಳನ್ನು ಕುರಿತು ಒಂದು ಸಮೀಕ್ಷೆ

ಗ್ರಂಥಾಲಯಕ್ಕೆ ಹೊಸತಾಗಿ ಬಂದ ಪುಸ್ತಕಗಳಲ್ಲಿ ಯಾವುದನ್ನು ಓದಬಹುದು, ಯಾವ ಹಾಡಿಕೆಯನ್ನು ಕೇಳಬಹುದು ಎಂದು ಓದುಗನಿಗೆ ತಿಳಿಯಹೇಳುವವರು ಯಾರು ಎಂಬ ಪ್ರಶ್ನೆಯು, ಪುಸ್ತಕದಂಗಡಿಗಳೂ ಸಾಹಿತ್ಯ ಸಭೆಗಳೂ ಸಂಗೀತ ಕಚೇರಿಗಳೂ ಕೈಗೆಟಕುವಂತಿರುವ ಬೆಂಗಳೂರು, ಮೈಸೂರು, ಧಾರವಾಡಗಳಲ್ಲಿ ಅಷ್ಟೇನೂ ಗುರುತರವಾದುದೆಂದು ತೋರಲಿಕ್ಕಿಲ್ಲ. ಅಲ್ಲಿ ಗ್ರಂಥಪಾಲಕನು ಮೌನವಾಗಿದ್ದರೂ ಹೇಳುವ ಬಾಯಿಗಳು ಬೇರೆ ಎಷ್ಟೋ ಇವೆ. ಆದರೆ ಪಠ್ಯಪುಸ್ತಕಗಳನ್ನೂ ಸ್ಪರ್ಧಾ ಪರೀಕ್ಷೆಯ ಕೈಪಿಡಿಗಳನ್ನೂ ಬಿಟ್ಟರೆ ಕಥೆ, ಕಾದಂಬರಿ, ಜೀವನಚರಿತ್ರೆಗಳು ಅಂಗಡಿಯಲ್ಲಿ ಕಾಣಸಿಗುವುದೇ ವಿರಳವಾಗಿರುವ ಸಗರನಾಡಿನ ಯಾದಗಿರಿ, ಶಹಾಪುರ, ಸುರಪುರಗಳಲ್ಲಿಯೂ, ಇವುಗಳ ಸುತ್ತಣ ಹಳ್ಳಿಗಳಲ್ಲಿಯೂ, ಹೊಸ ಪುಸ್ತಕವೊಂದು ಬಂದಿದೆಯೆಂಬ ಸುದ್ದಿಯನ್ನು ತಿಳಿದು ಅದರ ಗುಣವನ್ನು ಇನ್ನೊಬ್ಬರಿಗೆ ಹೇಳಬಲ್ಲ ಸ್ಥಾನದಲ್ಲಿ ಇರುವವರು ಶಾಲೆಯ ಮೇಷ್ಟ್ರು ಮತ್ತು ಗ್ರಂಥಾಲಯದ ಸಿಬ್ಬಂದಿ, ಇವರಿಬ್ಬರೇ. ಮೇಷ್ಟ್ರ ಕೆಲಸಕ್ಕೆ ಪಠ್ಯಕ್ರಮದ ಎಲ್ಲೆಯುಂಟು. ಆದುದರಿಂದ ಸ್ವಂತ ಇಚ್ಛೆಯಿಂದ ಓದಬಯಸುವ ವ್ಯಕ್ತಿಗೆ ದಾರಿ ತೋರುವ ಹೊಣೆ ಬಹುಮಟ್ಟಿಗೆ ಗ್ರಂಥಪಾಲಕನ ಮೇಲೆಯೇ ಬೀಳುತ್ತದೆ. ನಮ್ಮ ಗ್ರಂಥಾಲಯ ವ್ಯವಸ್ಥೆಯು ಕಟ್ಟಡ, ಕರ, ಖರೀದಿ, ದಾಖಲೆಗಳನ್ನೆಲ್ಲ ಕ್ರಮಪಡಿಸಿಯೂ ಈ ಒಂದು ಹೊಣೆಯನ್ನು ಮಾತ್ರ ಯಾರ ಹೆಸರಿಗೂ ಬರೆಯದೆ ಬಿಟ್ಟಿದೆ ಎಂಬುದು ಈ ಸಮೀಕ್ಷೆಯ ಮುಖ್ಯ ವಾದ.

ಮೊದಲು ನಾಡಿನ ಸ್ಥಿತಿಯನ್ನು ನೋಡೋಣ. 2009–10ರಲ್ಲಿ ಕಲಬುರಗಿಯಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದ ಯಾದಗಿರಿಯಲ್ಲಿ 2011ರ ಜನಗಣತಿಯ ಪ್ರಕಾರ ಅಕ್ಷರಸ್ಥರ ಪ್ರಮಾಣ ನೂರಕ್ಕೆ 51.83, ಅದೇ ಕಾಲಕ್ಕೆ ಇಡೀ ಕರ್ನಾಟಕದ ಪ್ರಮಾಣ 75.36 ಆಗಿದ್ದಿತು. ರಾಜ್ಯದ ಜಿಲ್ಲೆಗಳಲ್ಲೆಲ್ಲ ಇದು ಕಡೆಯ ಸ್ಥಾನ. ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಓದು ಬರುತ್ತಿರಲಿಲ್ಲ. ಈ ಅಂಕಿಗಳನ್ನು ಮುಂದಿಟ್ಟು, ಓದಲು ಬಾರದವರ ನಾಡಿನಲ್ಲಿ ಹೊಸ ಪುಸ್ತಕಗಳ ಶಿಫಾರಸಿನ ಮಾತೇಕೆ ಎಂದು ಕೇಳುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ವಿಷಯವು ಇದಕ್ಕೆ ತದ್ವಿರುದ್ಧವಾಗಿದೆ. ಮನೆಯಲ್ಲಿ ಮೊತ್ತಮೊದಲಿಗೆ ಅಕ್ಷರ ಕಲಿತ ಹುಡುಗನಿಗೆ ಅಥವಾ ಹುಡುಗಿಗೆ, ಇದನ್ನು ಓದು ಎಂದು ಹೇಳಲು ಓದಿದ ಅಪ್ಪನಿಲ್ಲ, ಅಕ್ಕನಿಲ್ಲ, ಗೋಡೆಯ ಗೂಡಿನಲ್ಲಿ ಪುಸ್ತಕಗಳ ಸಾಲಿಲ್ಲ. ಓದಿನ ಕುಟುಂಬದಲ್ಲಿ ಹುಟ್ಟಿದವರಿಗೆ ಮನೆಯೇ ಮಾಡುವ ಉಪಕಾರವನ್ನು ಇವರಿಗೆ ಊರಿನ ಗ್ರಂಥಾಲಯವೇ ಮಾಡಬೇಕಾಗಿದೆ.

ಈ ಪ್ರದೇಶಕ್ಕೆ ಗ್ರಂಥಾಲಯದ ಕಾನೂನು ತಡವಾಗಿ ಬಂದಿತೆಂದು ಭಾವಿಸುವುದೂ ಸರಿಯಲ್ಲ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕನ ಬಂಡಾಯ ಮುರಿದುಬಿದ್ದ ಮೇಲೆ ಸುರಪುರ ಸಂಸ್ಥಾನವು ಅಳಿದು, ಕೆಲಕಾಲಾನಂತರ ನಿಜಾಮರ ಆಳ್ವಿಕೆಗೆ ಸೇರಿ, ಅಂದಿನಿಂದ ಸುಮಾರು 90 ವರ್ಷಗಳ ಕಾಲ ಇಲ್ಲಿಯ ಆಡಳಿತದಲ್ಲಿಯೂ ಶಿಕ್ಷಣದಲ್ಲಿಯೂ ಕನ್ನಡಕ್ಕೆ ಆಸರೆ ತಪ್ಪಿದ್ದುದು ನಿಜ; 1948ರ ಸೆಪ್ಟೆಂಬರಿನ ವಿಮೋಚನೆಯವರೆಗೂ ಕನ್ನಡ ಪುಸ್ತಕವನ್ನು ಊರಿಗೆ ತರಿಸಿ ನಾಲ್ಕು ಜನಕ್ಕೆ ಓದಿಹೇಳುವುದೇ ಒಂದು ಸಾರ್ವಜನಿಕ ಸೇವೆಯಾಗಿದ್ದಿತು. ಆದರೂ 1955ರಲ್ಲಿ ಹೈದರಾಬಾದ್ ರಾಜ್ಯವು ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮವನ್ನು ರಚಿಸಿದಾಗ ಈ ತಾಲೂಕುಗಳು ಆ ರಾಜ್ಯದೊಳಗೇ ಇದ್ದವು. ಅಂದರೆ 1965ರಲ್ಲಿ ಇಂದಿನ ಇಡೀ ಕರ್ನಾಟಕಕ್ಕೆ ಅನ್ವಯಿಸುವ ಗ್ರಂಥಾಲಯ ಶಾಸನ ಬರುವುದಕ್ಕೆ ಒಂದು ದಶಕ ಮೊದಲೇ, ಹಳೆಯ ಮೈಸೂರಿಗಿಂತ ಮುಂಚಿತವಾಗಿಯೇ, ಯಾದಗಿರಿ, ಶಹಾಪುರ, ಸುರಪುರಗಳು ಗ್ರಂಥಾಲಯದ ಕಾನೂನನ್ನು ಕಂಡಿದ್ದವು. ಕಾನೂನಿನ ಅಭಾವವು ಇಲ್ಲಿಯ ಕೊರತೆಗೆ ಕಾರಣವಲ್ಲ.

ಕಾನೂನಿನಲ್ಲಿ ಇರಲಾರದುದು ಯಾವುದೆಂಬುದನ್ನು ಎಸ್. ಆರ್. ರಂಗನಾಥನ್ ಅವರು ಬಹು ಹಿಂದೆಯೇ ಗುರುತಿಸಿದ್ದರು. ಮದರಾಸು ವಿಶ್ವವಿದ್ಯಾನಿಲಯದ ಮೊದಲ ಗ್ರಂಥಪಾಲಕರಾಗಿ, ತಮ್ಮ ಜೀವಿತದ ಉತ್ತರಾರ್ಧದಲ್ಲಿ ಬೆಂಗಳೂರಿನಲ್ಲಿ ನೆಲೆಸಿದ ಈ ಮಹನೀಯರು 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ಎರಡನೆಯದು ಪ್ರತಿಯೊಬ್ಬ ಓದುಗನಿಗೂ ತಕ್ಕ ಪುಸ್ತಕ ದೊರೆಯಬೇಕೆಂದೂ, ಮೂರನೆಯದು ಪ್ರತಿಯೊಂದು ಪುಸ್ತಕಕ್ಕೂ ತಕ್ಕ ಓದುಗನು ದೊರೆಯಬೇಕೆಂದೂ ವಿಧಿಸುತ್ತವೆ. ಎರಡನೆಯ ಸೂತ್ರವನ್ನು ಒಳ್ಳೆಯ ಸೂಚಿಯೂ ಒಳ್ಳೆಯ ಸಂಗ್ರಹವೂ ಸ್ವಲ್ಪ ಮಟ್ಟಿಗೆ ನೆರವೇರಿಸಬಲ್ಲವು. ಮೂರನೆಯದನ್ನು ಜೀವಂತ ಮನುಷ್ಯನೊಬ್ಬನೇ ನೆರವೇರಿಸಬೇಕು. ಏಕೆಂದರೆ ಕಪಾಟಿನಲ್ಲಿ ಕುಳಿತ ಪುಸ್ತಕವು ತನಗೆ ಬೇಕಾದ ಓದುಗನನ್ನು ತಾನೇ ಹುಡುಕಿಕೊಂಡು ಹೋಗಲಾರದು. ಓದುಗನಿಗೂ ಗ್ರಂಥಕ್ಕೂ ನಡುವೆ ವೈಯಕ್ತಿಕವಾಗಿ ಸಂಬಂಧ ಕಲ್ಪಿಸುವುದೇ ಗ್ರಂಥಪಾಲಕನ ಪರಮ ಕರ್ತವ್ಯವೆಂಬ ತತ್ತ್ವವನ್ನು ಅವರು 1940ರ ಹೊತ್ತಿಗೆ ಒಂದು ಸ್ವತಂತ್ರ ಗ್ರಂಥದಲ್ಲಿಯೇ ವಿವರಿಸಿದರು. ಪಾಶ್ಚಾತ್ಯ ದೇಶಗಳ ಗ್ರಂಥಾಲಯಗಳಲ್ಲಿ ಇಂದು ಹೊಸ ಪುಸ್ತಕದ ಮುಂದೆ ಸಿಬ್ಬಂದಿಯೊಬ್ಬರು ತಮ್ಮ ಹೆಸರು ಬರೆದು, ತಮಗೆ ಅದು ಏಕೆ ಹಿಡಿಸಿತೆಂದು ಎರಡು ಸಾಲು ಗೀಚಿದ ಚೀಟಿ ನಿಲ್ಲಿಸುವ ರೂಢಿಯಿದೆಯಷ್ಟೆ. ಅದು ಈ ತತ್ತ್ವದ ಅತ್ಯಂತ ಸರಳವಾದ ಪ್ರಯೋಗ. ಅಮೆರಿಕದ ಗ್ರಂಥಾಲಯ ತಜ್ಞ ಬೋರ್ಡನ್ ಅವರನ್ನು 1910ರಲ್ಲಿ ಕರೆಸಿ ಸಯಾಜಿರಾವ್ ಗಾಯಕವಾಡರು ಬಡೋದೆಯಲ್ಲಿ ನಡೆಸಿದ ಸಂಚಾರಿ ಗ್ರಂಥಾಲಯಗಳಲ್ಲಿಯೂ, ಮರದ ಪೆಟ್ಟಿಗೆಯೊಂದು ಹಳ್ಳಿಗೆ ಹೊರಡುವುದಕ್ಕೆ ಮೊದಲು ಆ ಹಳ್ಳಿಗೆ ಯಾವ ಪುಸ್ತಕ ಸಲ್ಲುವುದೆಂದು ಯಾರೋ ಒಬ್ಬರು ಆಲೋಚಿಸಲೇಬೇಕಾಗಿದ್ದಿತು.

ಇನ್ನು ಪ್ರಕೃತ ಸ್ಥಿತಿ. 2019ರಲ್ಲಿ ಗ್ರಾಮ ಪಂಚಾಯತಿಯ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾಗಿ, ಇಂದು ಅರಿವು ಕೇಂದ್ರಗಳೆಂಬ ಹೆಸರಿನಿಂದ ನಡೆಯುತ್ತಿವೆ. ರಾಜ್ಯದಲ್ಲಿ ಇವುಗಳ ಸಂಖ್ಯೆ ಐದು ಸಾವಿರಕ್ಕೂ ಮಿಕ್ಕಿದೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಅಭಿಯಾನದಿಂದ ಆರರಿಂದ ಹದಿನೆಂಟು ವರ್ಷದೊಳಗಿನ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆತುದು ನಿಜವಾಗಿಯೂ ಶ್ಲಾಘನೀಯವಾದ ಕಾರ್ಯ. ಅದೇ ವರ್ಷ ಬಂದ ಡಿಜಿಟಲ್ ಗ್ರಂಥಾಲಯವು ಪಟ್ಟಣದ ವಿದ್ಯಾರ್ಥಿಗಳಿಗೆ ಉಪಯುಕ್ತವಾಗಿದೆ. ಅದರ ವಿಷಯ ಇಲ್ಲಿ ಹೆಚ್ಚು ಹೇಳಬೇಕಾದುದಿಲ್ಲ, ಸಾವಿರಾರು ಹೆಸರುಗಳ ಪಟ್ಟಿ ಕಣ್ಣ ಮುಂದೆ ಬಂದಾಗ ಯಾವುದನ್ನು ತೆರೆಯಬೇಕೆಂಬ ಪ್ರಶ್ನೆ ಮತ್ತಷ್ಟು ಕಠಿನವಾಗುವುದೆಂಬ ಒಂದು ಮಾತಿನ ಹೊರತು. ಪಟ್ಟಣದ ಗ್ರಂಥಾಲಯಗಳಿಗೆ ಬೆಳಗ್ಗೆ ಬರುವವರು ಪತ್ರಿಕೆ ಓದುವ ಹಿರಿಯರು. ದಿನವಿಡೀ ಕುಳಿತುಕೊಳ್ಳುವವರು ಪೊಲೀಸ್, ಎಫ್‌ಡಿಎ, ಶಿಕ್ಷಕರ ನೇಮಕಾತಿಯ ಪರೀಕ್ಷೆಗಳಿಗೆ ಸಿದ್ಧರಾಗುತ್ತಿರುವ ತರುಣ ತರುಣಿಯರು. ತೊಗರಿ, ಭತ್ತದ ಹೊಲಗಳನ್ನು ಬಿಟ್ಟು ಬೆಂಗಳೂರು, ಮುಂಬಯಿ, ಪುಣೆಗಳಿಗೆ ದುಡಿಯಲು ಹೋಗುವ ಕುಟುಂಬಗಳಿಂದ ಬಂದ ಇವರಿಗೆ ಒಂದು ನೌಕರಿಯೆಂದರೆ ಇಡೀ ಮನೆಯ ಬಿಡುಗಡೆ. ಇವರು ಕೈಪಿಡಿಗಳನ್ನೇ ಓದುತ್ತಾರೆಂದು ಆಕ್ಷೇಪಿಸುವ ಹಕ್ಕು ನಮಗಿಲ್ಲ. ಆದರೆ ವರ್ಷಗಟ್ಟಲೆ ಒಂದೇ ಮೇಜಿನಲ್ಲಿ ಕುಳಿತ ಈ ಓದುಗರ ಕೈಗೆ, ಅವರ ಬೆನ್ನ ಹಿಂದಿನ ಕಪಾಟಿನಲ್ಲಿದ್ದ ಒಂದು ಕಾದಂಬರಿಯನ್ನಾಗಲಿ, ಒಂದು ಆತ್ಮಕಥೆಯನ್ನಾಗಲಿ ಯಾರೂ ಇಡಲಿಲ್ಲವೆಂಬುದು ನಷ್ಟವೇ ಸರಿ.

ಶಿಫಾರಸು ಎಂಬುದು ಕಾರ್ಯತಃ ಹೇಗೆ ನಡೆಯುತ್ತದೆಂಬುದಕ್ಕೆ ಸುರಪುರ ಸೀಮೆಯ ಹಳ್ಳಿಯೊಂದರ ಅರಿವು ಕೇಂದ್ರದಲ್ಲಿ ನಾನು ಕಂಡ ಒಂದು ಪ್ರಸಂಗವನ್ನು ಹೇಳಬಹುದು. ಬೆಂಗಳೂರಿನಲ್ಲಿ ಗೌಂಡಿ ಕೆಲಸ ಮಾಡಿ ಹಬ್ಬಕ್ಕೆಂದು ಊರಿಗೆ ಬಂದಿದ್ದ ತರುಣನೊಬ್ಬನು ಬಾಗಿಲಲ್ಲಿ ನಿಂತು, “ಯಕ್ಕಾ, ಯಾವ್ದರ ಛಲೋ ಪುಸ್ತಕ ಅದ ಏನ್ರಿ?” ಎಂದು ಕೇಳಿದನು. ಮೇಲ್ವಿಚಾರಕಿಯಾಗಿದ್ದ ಹೆಣ್ಣುಮಗಳು ದಾಖಲೆಯ ವಹಿಯನ್ನು ತೆರೆಯಲಿಲ್ಲ. ಎದ್ದುಹೋಗಿ ಗೀತಾ ನಾಗಭೂಷಣರ ‘ಬದುಕು’ ಕಾದಂಬರಿಯನ್ನು ತಂದು ಕೈಗಿತ್ತರು. ಗಾತ್ರವನ್ನು ಕಂಡು ಅವನು ಹಿಂಜರಿದಾಗ, “ದಪ್ಪ ಅದಂತ ಅಂಜಬ್ಯಾಡ ತಮ್ಮಾ, ನಮ್ಮ ಕಡೀ ಮಾತಿನ್ಯಾಗೇ ಬರ್ದಾರ. ಇಲ್ಲೇ ಕುಂತು ನಾಕ್ ಹಾಳಿ ಓದು, ಹಿಡಿಸ್ಲಿಲ್ಲಂದ್ರ ಬ್ಯಾರೇದು ಕೊಡ್ತೀನಿ” ಎಂದರು. ಅವನು ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತು ಓದತೊಡಗಿ, ಸಂಜೆ ಪುಸ್ತಕವನ್ನು ತನ್ನ ಹೆಸರಿಗೆ ಬರೆಯಿಸಿಕೊಂಡು ಹೋದನು. ಆ ಪ್ರತಿಯ ಕೊನೆಯ ಹಾಳೆಗೆ ಅಂಟಿಸಿದ್ದ ದಿನಾಂಕದ ಚೀಟಿಯಲ್ಲಿ ಒಂದರ ಕೆಳಗೊಂದರಂತೆ ತುಂಬಿದ ಮುದ್ರೆಗಳಿದ್ದವು. ಅದೇ ಕಪಾಟಿನ ಅದೇ ಸಾಲಿನಲ್ಲಿ ಇದ್ದ ಅಷ್ಟೇ ಯೋಗ್ಯವಾದ ಬೇರೆ ಕಾದಂಬರಿಗಳ ಚೀಟಿಗಳು ಬಿಳಿದಾಗಿಯೇ ಉಳಿದಿದ್ದವು. ಕಾರಣವನ್ನು ಕೇಳಿದಾಗ ಆಕೆ, ತಾನು ಪೂರ್ತಿಯಾಗಿ ಓದಿದ್ದು ಈ ಸಾಲಿನಲ್ಲಿ ಇದೊಂದನ್ನೇ, ಓದದ್ದನ್ನು ಕೊಡಲು ಮನಸ್ಸು ಬರುವುದಿಲ್ಲವೆಂದು ಹೇಳಿದರು.

ಈ ಉತ್ತರದಲ್ಲಿ ಸಮಸ್ಯೆಯ ಮೂಲವೇ ಇದೆ. 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರವನ್ನು ಪಡೆದ ಕೃತಿಯೊಂದು, ತನ್ನ ಭಾಷೆಯಲ್ಲಿಯೇ ಮಾತಾಡುವ ದುಡಿಯುವ ಓದುಗನನ್ನು ತಲಪಿದುದು ಪ್ರಶಸ್ತಿಯ ಪ್ರಭಾವದಿಂದಲ್ಲ, ಅದನ್ನು ಆದ್ಯಂತವಾಗಿ ಓದಿದ್ದ ಒಬ್ಬ ವ್ಯಕ್ತಿಯ ಭರವಸೆಯಿಂದ. ಗ್ರಂಥಪಾಲಕನು ಓದಿರಬೇಕು, ಓದುವುದಕ್ಕೆ ಅವನಿಗೆ ಸಮಯವಿರಬೇಕು, ಓದಿದುದು ಅವನ ಕರ್ತವ್ಯದ ಭಾಗವೆಂದು ಮೇಲಧಿಕಾರಿಗಳು ಒಪ್ಪಬೇಕು. ನಮ್ಮಲ್ಲಿ ಕಚೇರಿಯ ವೇಳೆಯಲ್ಲಿ ಪುಸ್ತಕ ಓದುತ್ತಿರುವ ಮೇಲ್ವಿಚಾರಕನನ್ನು ಕಂಡರೆ ಕೆಲಸವಿಲ್ಲದವನೆಂಬ ಭಾವನೆ ಹುಟ್ಟುವುದು ಸಾಮಾನ್ಯವಾಗಿದೆ. ಮೇಲಾಗಿ, ಗೌರವಧನದ ಮೇಲೆ ದುಡಿಯುವ ಈ ಜನರಿಗೆ ಸಮೀಕ್ಷೆ, ಶಿಬಿರ, ಸಭೆಗಳ ಹತ್ತಾರು ಕೆಲಸಗಳು ಬಂದು ಬೀಳುತ್ತವೆ. ಗೌರವಧನವನ್ನು ಹೆಚ್ಚಿಸಬೇಕೆಂಬ ಅವರ ಬೇಡಿಕೆ ನ್ಯಾಯವಾದುದು. ಅದರ ಜೊತೆಗೆ ದಿನಕ್ಕೆ ಒಂದು ಗಂಟೆಯ ಓದನ್ನು ಕರ್ತವ್ಯವೆಂದು ಲಿಖಿತವಾಗಿ ಮಾನ್ಯ ಮಾಡಿದರೆ, ಯಾವ ಹೊಸ ಯೋಜನೆಯೂ ಕೊಡಲಾರದ ಫಲ ದೊರೆಯುವುದೆಂದು ನಾನು ನಂಬಿದ್ದೇನೆ.

ಎರಡನೆಯ ತೊಡಕು ಆಯ್ಕೆಯದು. ಪ್ರತಿವರ್ಷ ಪ್ರಕಟವಾಗುವ ಸಾವಿರಾರು ಕನ್ನಡ ಪುಸ್ತಕಗಳಲ್ಲಿ ಕೆಲವನ್ನು ರಾಜ್ಯಮಟ್ಟದ ಸಮಿತಿಯು ಆರಿಸಿ, ಗ್ರಂಥಾಲಯ ಇಲಾಖೆಯು ಸಾಮಾನ್ಯವಾಗಿ 300 ಪ್ರತಿಗಳಂತೆ ಸಗಟಾಗಿ ಕೊಂಡು ಜಿಲ್ಲೆಗಳಿಗೆ ಹಂಚುತ್ತದೆ. ಕನ್ನಡದ ಪ್ರಕಾಶನವು ಉಸಿರಾಡಿಕೊಂಡಿರುವುದಕ್ಕೆ ಈ ಖರೀದಿಯೂ ಒಂದು ಕಾರಣವೆಂಬುದನ್ನು ಮರೆಯಲಾಗದು. ಆದರೆ ಓದುಗನ ದೃಷ್ಟಿಯಿಂದ ನೋಡಿದರೆ, ಪುಸ್ತಕವು ಅಚ್ಚಾದ ವರ್ಷಕ್ಕೂ ಅದು ಸುರಪುರದ ಕಪಾಟಿಗೆ ಬರುವ ವರ್ಷಕ್ಕೂ ನಡುವೆ ಬಹುದಿನಗಳ ಅಂತರ ಬಿದ್ದು, ಹೊಸ ಪುಸ್ತಕವೆಂಬುದು ಇಲ್ಲಿಗೆ ತಲಪುವಷ್ಟರಲ್ಲಿ ಹಳತಾಗಿರುತ್ತದೆ. ಕಪಾಟಿನ ಉಸ್ತುವಾರಿಯವನಿಗೆ ತನ್ನ ಓದುಗರು ಕೇಳಿದ ಒಂದೇ ಒಂದು ಪುಸ್ತಕವನ್ನು ತರಿಸುವ ಅಧಿಕಾರವೂ ಇರುವುದಿಲ್ಲ. ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರರಂತೆ ಗ್ರಂಥಾಲಯ ಕರವನ್ನು ತೆರುವವರು ಇದೇ ಊರಿನ ಜನ. ಆ ಹಣದಲ್ಲಿ ಒಂದು ಸಣ್ಣ ಭಾಗವನ್ನಾದರೂ ಇಲ್ಲಿಯವರ ಆಯ್ಕೆಗೆ ಬಿಡುವುದು ಅಸಾಧ್ಯವೇನಲ್ಲ.

ಸ್ಥಳೀಯ ಆಯ್ಕೆಗೆ ಅವಕಾಶ ದೊರೆತರೆ ಯಾವ ಪುಸ್ತಕಗಳು ಬಂದಾವು? ಈ ನೆಲದ ಸಂಪತ್ತನ್ನು ನೋಡಿದರೆ ಆಶ್ಚರ್ಯವಾಗುವುದು. ಬಸವಣ್ಣನವರಿಗಿಂತ ಹಿಂದಿನವನೆಂದು ವಿದ್ವಾಂಸರು ಎಣಿಸುವ, ನೇಕಾರಿಕೆಯನ್ನು ಮಾಡುತ್ತ ವಚನಗಳನ್ನು ನುಡಿದ ದೇವರ ದಾಸಿಮಯ್ಯನು ಮುದನೂರಿನವನು; ಕಾಲಜ್ಞಾನದ ಕೊಡೇಕಲ್ಲ ಬಸವಣ್ಣನೂ, ಕೃಷ್ಣೆಯ ದಡದಲ್ಲಿ ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ತಿಂಥಣಿಯ ಮೌನೇಶ್ವರನೂ ಇದೇ ಸೀಮೆಯವರು. ಜೈಮಿನಿ ಭಾರತದ ಲಕ್ಷ್ಮೀಶನು ಕಡೂರು ಸೀಮೆಯ ದೇವನೂರಿನವನೋ ಸುರಪುರದ ಬಳಿಯ ದೇವಪುರದವನೋ ಎಂಬ ವಾದವು ಇನ್ನೂ ನಿಂತಿಲ್ಲ. ಕಪಟರಾಳ ಕೃಷ್ಣರಾಯರು ಬರೆದ ಸುರಪುರ ಸಂಸ್ಥಾನದ ಇತಿಹಾಸವಿದೆ. ಬಾಲರಾಜ ವೆಂಕಟಪ್ಪ ನಾಯಕನ ಪಾಲಕನಾಗಿ ಇಲ್ಲಿ ವಾಸವಾಗಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರನ ಆತ್ಮಕಥೆ 1877ರಲ್ಲಿ, ಅವನ ಮರಣಾನಂತರ ಪ್ರಕಟವಾಯಿತು. ಚೆನ್ನಣ್ಣ ವಾಲೀಕಾರ, ಶಾಂತರಸ, ಅಮರೇಶ ನುಗಡೋಣಿ ಮೊದಲಾದವರು ನೆರೆಯ ಜಿಲ್ಲೆಗಳಲ್ಲಿದ್ದು ಇದೇ ಬಿಸಿಲು, ಇದೇ ಬಡತನ, ಇದೇ ಮಾತಿನ ಲಯವನ್ನು ಸಾಹಿತ್ಯಕ್ಕೆ ತಂದವರು. ಕೋಟೆಯನ್ನು ದಿನವೂ ಕಾಣುವ ಸುರಪುರದ ವಿದ್ಯಾರ್ಥಿಗೆ ಅದರ ಇತಿಹಾಸ ಯಾವ ಕಪಾಟಿನಲ್ಲಿದೆಯೆಂದು ತೋರಿಸುವುದು ಶಿಫಾರಸುಗಳಲ್ಲೆಲ್ಲ ಸುಲಭವಾದುದು, ಪ್ರಥಮ ಕರ್ತವ್ಯವೂ ಅದೇ. ಹಾಗೆಂದು ಸ್ಥಳೀಯವಾದುದಷ್ಟೇ ಸಾಕೆಂದು ನಾನು ಹೇಳುತ್ತಿಲ್ಲ. ಶಹಾಪುರದ ಬೆಟ್ಟದ ಸಾಲಿನಲ್ಲಿ ಮಲಗಿದ ಬುದ್ಧನ ಆಕೃತಿಯನ್ನು ಬಾಲ್ಯದಿಂದ ಕಂಡ ಹುಡುಗಿಗೆ ಬುದ್ಧನ ಜೀವನವನ್ನೂ, ಅಲ್ಲಿಂದ ಮುಂದೆ ಜಗತ್ತಿನ ಇತರ ಕಥೆಗಳನ್ನೂ ಕೊಡುತ್ತ ಹೋಗಬೇಕು. ಮಕ್ಕಳಿಗೆ ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯದ ಚಿತ್ರಪುಸ್ತಕಗಳು ಅಲ್ಪ ಬೆಲೆಗೆ ದೊರೆಯುತ್ತಿರುವಾಗ ಅವು ಇಲ್ಲದ ಅರಿವು ಕೇಂದ್ರ ಇರಕೂಡದು.

ಸಂಗೀತದ ವಿಷಯಕ್ಕೆ ಬಂದರೆ ನಮ್ಮ ಗ್ರಂಥಾಲಯಗಳ ಮೌನವು ಸಂಪೂರ್ಣವಾದುದು, ಈ ಸೀಮೆಯ ಮಟ್ಟಿಗೆ ಅತ್ಯಂತ ಶೋಚನೀಯವಾದುದು. ಅಮೆರಿಕ, ಇಂಗ್ಲೆಂಡುಗಳ ಸಾರ್ವಜನಿಕ ಗ್ರಂಥಾಲಯಗಳು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಗ್ರಾಮಫೋನ್ ತಟ್ಟೆಗಳನ್ನು ಎರವಲು ಕೊಡಲು ತೊಡಗಿ, ಪುಸ್ತಕಕ್ಕೂ ಸಂಗೀತಕ್ಕೂ ಒಂದೇ ಗೌರವವನ್ನು ಸಲ್ಲಿಸಿದವು. ನಮ್ಮಲ್ಲಿಯಾದರೋ, ಸಾಹಿತ್ಯದ ಬಹುಭಾಗವು ಹಾಡಿನ ರೂಪದಲ್ಲಿಯೇ ಬದುಕಿರುವ ಸಗರನಾಡಿನಲ್ಲಿ, ಗ್ರಂಥಾಲಯವೆಂದರೆ ಕಾಗದದ ಮೇಲಣ ಅಕ್ಷರ ಮಾತ್ರವೆಂದು ಭಾವಿಸಿದ್ದೇವೆ. ಅಮವಾಸ್ಯೆಯ ರಾತ್ರಿ ಮಠದ ಕಟ್ಟೆಯಲ್ಲಿ ಏಕತಾರಿ, ದಮ್ಮಡಿಗಳೊಡನೆ ಕಡಕೋಳ ಮಡಿವಾಳಪ್ಪನವರ ತತ್ತ್ವಪದಗಳನ್ನು ಬೆಳಗಿನವರೆಗೂ ಹಾಡುವ ಜನರಲ್ಲಿ ಎಷ್ಟೋ ಮಂದಿ ನಿರಕ್ಷರಿಗಳು. ಮೊಹರಮ್ಮಿನಲ್ಲಿ ರಿವಾಯತ್ ಪದಗಳನ್ನು ಹಾಡುವವರು ಧರ್ಮದ ಗೆರೆಗಳನ್ನು ಲೆಕ್ಕಿಸುವುದಿಲ್ಲ. ಸುರಪುರದ ಆನಂದದಾಸರ ಕೀರ್ತನೆಗಳು ಭಜನೆಯ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತವೆ. ಜನಗಣತಿಯ ಲೆಕ್ಕದಲ್ಲಿ ಓದುಬಾರದವರೆಂದು ದಾಖಲಾದ ಈ ಹಾಡುಗಾರರು ನೂರಾರು ಪದಗಳನ್ನು ಕಂಠಸ್ಥ ಮಾಡಿಕೊಂಡವರು. ಇವರನ್ನು ಒಳಗೆ ಕರೆಯದ ಗ್ರಂಥಾಲಯವು ಊರಿನ ಅರ್ಧ ಪಾಂಡಿತ್ಯವನ್ನು ಹೊಸ್ತಿಲ ಹೊರಗೆ ನಿಲ್ಲಿಸಿದಂತೆ.

ಈ ಕೊರತೆಯನ್ನು ನೀಗಲು ದೊಡ್ಡ ವೆಚ್ಚ ಬೇಕಾಗಿಲ್ಲ. ಅನೇಕ ಅರಿವು ಕೇಂದ್ರಗಳಲ್ಲಿ ಗಣಕಯಂತ್ರಗಳಿವೆ. ಕಿವಿಗೆ ಹಾಕಿಕೊಳ್ಳುವ ಎರಡು ಹೆಡ್‌ಫೋನುಗಳನ್ನು ಒದಗಿಸಿ, ಕೇಳತಕ್ಕ ಧ್ವನಿಮುದ್ರಿಕೆಗಳ ಕಿರುಪಟ್ಟಿಯೊಂದನ್ನು ಗೋಡೆಗೆ ಅಂಟಿಸಿದರೆ ಆರಂಭವಾದಂತೆಯೇ. ಪಟ್ಟಿಯಲ್ಲಿ ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರ ವಚನಗಾಯನವಿರಲಿ, ಮಲ್ಲಿಕಾರ್ಜುನ ಮನಸೂರರು ಹಾಡಿದ ವಚನಗಳಿರಲಿ, ಭೀಮಸೇನ ಜೋಶಿಯವರ ದಾಸವಾಣಿಯಿರಲಿ, ಸಿ. ಅಶ್ವತ್ಥರಿಂದ ನಾಡಿನ ಮನೆಮನೆಗೆ ತಲಪಿದ ಶರೀಫರ ಪದಗಳಿರಲಿ. ಇವುಗಳಲ್ಲಿ ಪ್ರತಿಯೊಂದರ ಪಕ್ಕದಲ್ಲಿಯೂ ಅದಕ್ಕೆ ಸಂಬಂಧಿಸಿದ ಪುಸ್ತಕದ ಹೆಸರನ್ನು ಬರೆದರೆ ಕೇಳುಗನು ಓದುಗನಾಗುವ ದಾರಿ ತೆರೆಯುತ್ತದೆ. ಬೆಂಗಳೂರಿನ ಕನಕದಾಸ ಅಧ್ಯಯನ ಕೇಂದ್ರವು ತತ್ತ್ವಪದಕಾರರ ಸಾಹಿತ್ಯವನ್ನು ಅನೇಕ ಸಂಪುಟಗಳಲ್ಲಿ ಹೊರತಂದಿದೆ. ಅವುಗಳಲ್ಲಿ ಒಂದು ಸಂಪುಟವನ್ನು ಮೇಜಿನ ಮೇಲೆ ತೆರೆದಿಟ್ಟು, ಊರಿನ ಭಜನಾ ಮಂಡಳಿಯ ಹಿರಿಯರನ್ನು ಕರೆಸಿ, ಅಚ್ಚಿನಲ್ಲಿರುವ ಪಾಠಕ್ಕೂ ಅವರ ಬಾಯಲ್ಲಿರುವ ಪಾಠಕ್ಕೂ ಇರುವ ವ್ಯತ್ಯಾಸವನ್ನು ಮಕ್ಕಳ ಎದುರಿನಲ್ಲಿ ಹಾಡಿ ತೋರಿಸಲು ಕೇಳಿಕೊಂಡರೆ, ಆ ಮುಂಜಾನೆಯ ಶಿಫಾರಸುದಾರನು ಗ್ರಂಥಪಾಲಕನಲ್ಲ, ಆ ಹಿರಿಯನೇ. ಇಂಥ ಸಭೆಗಿಂತ ಉತ್ತಮವಾದ ಸಂಗೀತ ಪರಿಚಯವನ್ನು ನಾನು ಕಲ್ಪಿಸಿಕೊಳ್ಳಲಾರೆ.

ಸಿಬ್ಬಂದಿಯ ಶಿಫಾರಸಿನಲ್ಲಿ ಅಪಾಯಗಳೂ ಉಂಟು. ತನ್ನ ಜಾತಿಯ, ತನ್ನ ಪಕ್ಷದ, ತನ್ನ ಗೆಳೆಯನ ಪುಸ್ತಕವನ್ನೇ ಮುಂದೆ ಮಾಡುವ ಗ್ರಂಥಪಾಲಕನು ಇರಬಹುದು. ಹೆಣ್ಣುಮಕ್ಕಳಿಗೆ ಅಡುಗೆ ಪುಸ್ತಕವನ್ನೂ ಗಂಡುಮಕ್ಕಳಿಗೆ ಸಾಹಸ ಕಥೆಯನ್ನೂ ಹಂಚಿ ಕೃತಾರ್ಥನಾಗುವವನೂ ಇರಬಹುದು. ಇದಕ್ಕೆ ಪರಿಹಾರವು ಶಿಫಾರಸನ್ನು ನಿಲ್ಲಿಸುವುದರಲ್ಲಿಲ್ಲ, ಬಹಿರಂಗಪಡಿಸುವುದರಲ್ಲಿದೆ. ಯಾರು ಹೇಳಿದರು, ಏಕೆ ಹೇಳಿದರು ಎಂಬುದು ಚೀಟಿಯ ಮೇಲೆ ಹೆಸರು ಸಹಿತವಾಗಿ ಇರಬೇಕು; ಪುಸ್ತಕದಲ್ಲಿ ತನಗೆ ಒಪ್ಪಿಗೆಯಾಗದ ಭಾಗವನ್ನೂ ಅದು ಹೇಳಬೇಕು; ಓದುಗರು ಅದೇ ಫಲಕದ ಮೇಲೆ ತಮ್ಮ ಮಾತನ್ನು ಬರೆಯಲು ಜಾಗವಿರಬೇಕು. ಹೆಸರು ಹಾಕಿ ಬರೆದವನು ಕ್ರಮೇಣ ಜಾಗರೂಕನಾಗುತ್ತಾನೆ, ಓದುಗರೂ ಅವನ ಅಭಿರುಚಿಯ ಒಲವನ್ನು ತಿಳಿದು ಅದಕ್ಕೆ ತಕ್ಕಷ್ಟು ಕಳೆದು ಕೂಡಿ ಅರ್ಥಮಾಡಿಕೊಳ್ಳುತ್ತಾರೆ. ಹೆಸರಿಲ್ಲದ ಸಮಿತಿಯ ಆಯ್ಕೆಯಲ್ಲಿ ಈ ಎರಡು ಅನುಕೂಲಗಳೂ ಇಲ್ಲ.

ಆದುದರಿಂದ ಈ ಮೂರು ತಾಲೂಕುಗಳಲ್ಲಿಯೂ, ಇವುಗಳಿಂದ ಈಚೆಗೆ ಬೇರ್ಪಟ್ಟ ಗುರುಮಠಕಲ್, ವಡಗೇರಾ, ಹುಣಸಗಿಗಳಲ್ಲಿಯೂ ಇರುವ ಪಂಚಾಯತಿ ಸದಸ್ಯರಲ್ಲಿ ನನ್ನ ವಿನಂತಿಯಿಷ್ಟು: ನಿಮ್ಮ ಊರಿನ ಮೇಲ್ವಿಚಾರಕರಿಗೆ ವರ್ಷಕ್ಕೆ ಕೆಲವು ಪುಸ್ತಕಗಳನ್ನು ತಾವೇ ಆರಿಸಿ ಕೊಳ್ಳುವ ಹಣವನ್ನೂ, ಅವುಗಳನ್ನು ಓದುವ ಸಮಯವನ್ನೂ, ಬಾಗಿಲ ಬಳಿ ತೂಗುಹಾಕಲು ಒಂದು ಕರಿಹಲಗೆಯನ್ನೂ ಕೊಡಿರಿ. ಓದುಗರಲ್ಲಿ ಕೇಳಿಕೊಳ್ಳುವುದು ಇನ್ನೂ ಕಡಿಮೆ. ಗ್ರಂಥಾಲಯಕ್ಕೆ ಹೋದಾಗ ಪತ್ರಿಕೆಯನ್ನು ಓದಿ ಎದ್ದುಬರದೆ, ಈಚೆಗೆ ನೀವು ಓದಿದ ಒಳ್ಳೆಯ ಪುಸ್ತಕ ಯಾವುದೆಂದು ಅಲ್ಲಿ ಕುಳಿತವರನ್ನು ಕೇಳಿರಿ. ಪುಸ್ತಕವನ್ನು ಹಿಂದಿರುಗಿಸುವಾಗ ಅದು ಹಿಡಿಸಿತೋ ಇಲ್ಲವೋ ಎಂಬುದನ್ನು ತಪ್ಪದೆ ಹೇಳಿ ಬನ್ನಿರಿ.